ಚಲಿಸುವ ಮನೆಯಲ್ಲಿ ಹೆಪ್ಪುಗಟ್ಟುವ ನೀರು: ಮುಂಜಾಗ್ರತಾ ವೆಚ್ಚದ ಒಂದು ಪಾಠ

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು ದಾಖಲಾದದ್ದು 1884ರ ಜನವರಿ 13ರಂದು. ಇಂತಹ ಹವೆಯಲ್ಲಿ ವ್ಯವಹಾರ ನಡೆಸುವ ನಮ್ಮ ವರ್ತಕರಿಗೆ ನೀರಿನ ಅಭಾವದಿಂದ ಆಗುವ ನಷ್ಟ ಚೆನ್ನಾಗಿ ಗೊತ್ತು. ನೀರು ಹೆಪ್ಪುಗಟ್ಟಿ ಆಗುವ ನಷ್ಟದ ಪರಿಚಯ ಇಲ್ಲ. ಆದರೆ ಉತ್ತರ ಅಮೆರಿಕ ಮತ್ತು ಯೂರೋಪಿನ ಶೀತಪ್ರದೇಶಗಳಲ್ಲಿ ಮೋಟಾರ್‌ಹೋಂ ಇಟ್ಟುಕೊಂಡವರು, ಅವುಗಳನ್ನು ಬಾಡಿಗೆಗೆ ಕೊಡುವ ಸಂಸ್ಥೆಗಳವರು ಪ್ರತಿ ವರ್ಷ ಶರತ್ಕಾಲ ಮುಗಿಯುವ ಮುನ್ನ ಈ ನಷ್ಟವನ್ನು ತಪ್ಪಿಸುವ ಕೆಲಸಕ್ಕೆ ತೊಡಗುತ್ತಾರೆ. ಕೆಲವು ಗಂಟೆಗಳ ಶ್ರಮ ಮತ್ತು ಅಲ್ಪ ಖರ್ಚಿನ ಆ ಕೆಲಸವನ್ನು ಮರೆತರೆ, ಅಥವಾ ಅರ್ಧಕ್ಕೆ ಬಿಟ್ಟರೆ, ಬೆಲೆಬಾಳುವ ವಾಹನವೊಂದು ಇಡೀ ಋತುವಿಗೆ ಮೂಲೆ ಸೇರುತ್ತದೆ.

ವಿಷಯ ದೂರದ ದೇಶದ್ದಾದರೂ ಅದರಲ್ಲಿರುವ ಲೆಕ್ಕ ಎಲ್ಲ ಉದ್ಯಮಿಗಳಿಗೂ ಸಂಬಂಧಿಸಿದ್ದು. ರಫ್ತು ವ್ಯವಹಾರ ಮಾಡುವ ನಮ್ಮ ಕೆಲವು ಸಣ್ಣ ಕೈಗಾರಿಕೆಗಳಿಗಂತೂ ಇದು ನೇರವಾಗಿಯೇ ತಟ್ಟುವ ಸಂಗತಿ.

ಉದ್ಯಮದ ಹಿನ್ನೆಲೆ

ಮೋಟಾರ್‌ಹೋಂ ಎಂದರೆ ಮಲಗುವ ಸ್ಥಳ, ಅಡುಗೆಮನೆ, ಸ್ನಾನಗೃಹ, ಶೌಚಾಲಯಗಳನ್ನು ಒಳಗೊಂಡ, ತಾನೇ ಚಲಿಸುವ ವಾಹನ. ಅಮೆರಿಕದಲ್ಲಿ ಈ ಬಗೆಯ ವಾಹನಗಳ ತಯಾರಿಕೆಯ ಬಹುಪಾಲು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತಲಿನ ಪ್ರದೇಶದಲ್ಲಿ ಕೇಂದ್ರೀಕೃತವಾಗಿದೆ. ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯಲ್ಲಿ 1958ರಲ್ಲಿ ಆರಂಭಗೊಂಡ ವಿನ್ನೆಬಾಗೊ ಸಂಸ್ಥೆಯ ಹೆಸರು ಈ ವಾಹನಕ್ಕೆ ಬಹುತೇಕ ಪರ್ಯಾಯ ಪದವೇ ಆಗಿತ್ತು. ಎಲ್ಕ್‌ಹಾರ್ಟ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಥಾರ್ ಇಂಡಸ್ಟ್ರೀಸ್ 2019ರಲ್ಲಿ ಜರ್ಮನಿಯ ಎರ್ವಿನ್ ಹೈಮರ್ ಸಮೂಹವನ್ನು ಖರೀದಿಸಿದ ನಂತರ ಎರಡು ಖಂಡಗಳ ಮಾರುಕಟ್ಟೆಗಳು ಪರಸ್ಪರ ಇನ್ನಷ್ಟು ಹತ್ತಿರವಾಗಿವೆ.

ಈ ವಾಹನಗಳು ತಯಾರಾಗುವ ಇಂಡಿಯಾನಾ, ಅಯೋವಾ ರಾಜ್ಯಗಳೇ ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಹೋಗುವ ಪ್ರದೇಶಗಳು. ಅಲ್ಲಿನ ಮತ್ತು ಕೆನಡಾದ ಅನೇಕ ನಿವೃತ್ತರು ಚಳಿಗಾಲ ಕಳೆಯಲು ದಕ್ಷಿಣದ ಅರಿಜೋನಾ, ಫ್ಲಾರಿಡಾ ರಾಜ್ಯಗಳಿಗೆ ವಾಹನ ಸಮೇತ ಹೊರಡುತ್ತಾರೆ. ಉಳಿದವರು ವಾಹನವನ್ನು ಮನೆಯ ಅಂಗಳದಲ್ಲಿಯೋ ಬಾಡಿಗೆಯ ಜಾಗದಲ್ಲಿಯೋ ನಿಲ್ಲಿಸಿ ವಸಂತಕಾಲದವರೆಗೆ ಬೀಗ ಹಾಕುತ್ತಾರೆ. ನೀರಿನಿಂದ ಆಗುವ ಹಾನಿ ಮುಖ್ಯವಾಗಿ ಈ ಎರಡನೆಯ ವರ್ಗದ್ದು.

ವಾಹನದೊಳಗಿನ ನೀರಿನ ವ್ಯವಸ್ಥೆ

ಸಾಮಾನ್ಯ ಮೋಟಾರ್‌ಹೋಂ ಒಂದರಲ್ಲಿ ಮೂರು ಬಗೆಯ ಟ್ಯಾಂಕುಗಳಿರುತ್ತವೆ: ಶುದ್ಧ ನೀರಿಗೆ ಒಂದು, ಸಿಂಕು ಮತ್ತು ಸ್ನಾನದ ಬಳಕೆಯ ನೀರಿಗೆ ಇನ್ನೊಂದು, ಶೌಚಾಲಯದ ತ್ಯಾಜ್ಯಕ್ಕೆ ಮತ್ತೊಂದು. 12 ವೋಲ್ಟ್ ವಿದ್ಯುತ್ತಿನ ಸಣ್ಣ ಪಂಪು ಶುದ್ಧ ನೀರನ್ನು ನಲ್ಲಿಗಳಿಗೆ ತಳ್ಳುತ್ತದೆ. ಶಿಬಿರದ ತಾಣದಲ್ಲಿ ನಿಂತಾಗ ಹೊರಗಿನ ನಲ್ಲಿಗೆ ಮೆದುಗೊಳವೆ ಜೋಡಿಸಿಯೂ ನೀರು ಪಡೆಯಬಹುದು. ಅಮೆರಿಕದ ವಾಹನಗಳಲ್ಲಿ ನೀರು ಕಾಯಿಸುವ ಹಂಡೆ ಸಾಮಾನ್ಯವಾಗಿ 6 ಅಥವಾ 10 ಗ್ಯಾಲನ್, ಅಂದರೆ ಸುಮಾರು 23 ಅಥವಾ 38 ಲೀಟರು ಹಿಡಿಯುತ್ತದೆ.

ಮನೆಯ ಕೊಳಾಯಿಗಿಂತ ಇದು ಭಿನ್ನವಾಗಿರುವುದು ಎರಡು ಕಾರಣಗಳಿಂದ. ಮೊದಲನೆಯದಾಗಿ, ಪೈಪುಗಳು ತೆಳುಗೋಡೆಯ ಹಿಂದೆ ಮತ್ತು ನೆಲದ ಕೆಳಗೆ ಹಾದುಹೋಗುವುದರಿಂದ ಹೊರಗಿನ ಚಳಿಗೂ ಅವುಗಳಿಗೂ ನಡುವೆ ಕೆಲವೇ ಸೆಂಟಿಮೀಟರುಗಳ ಅಂತರ. ಎರಡನೆಯದಾಗಿ, ಕಿರಿದಾದ ಜಾಗದಲ್ಲಿ ಕವಲುಗಳು ಹೆಚ್ಚು: ಹೊರಬದಿಯ ಷವರ್, ಶೌಚಾಲಯದ ವಾಲ್ವು, ನೀರಿನ ಫಿಲ್ಟರು, ಕೆಲವು ವಾಹನಗಳಲ್ಲಿ ಮಂಜುಗಡ್ಡೆ ತಯಾರಿಸುವ ರೆಫ್ರಿಜರೇಟರು ಮತ್ತು ಬಟ್ಟೆ ತೊಳೆಯುವ ಯಂತ್ರ. ಇವುಗಳಲ್ಲಿ ಒಂದನ್ನು ಮರೆತರೂ ಉಳಿದೆಲ್ಲ ಕಡೆ ಪಟ್ಟ ಶ್ರಮ ವ್ಯರ್ಥವಾದಂತೆಯೇ.

ಪೈಪು ಒಡೆಯುವುದೇಕೆ?

ಬಹುತೇಕ ಪದಾರ್ಥಗಳು ಘನರೂಪಕ್ಕೆ ಬಂದಾಗ ಕುಗ್ಗುತ್ತವೆ. ನೀರು ಮಾತ್ರ ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಆದರೆ ಮಂಜುಗಡ್ಡೆ ಪೈಪಿನ ಗೋಡೆಯನ್ನು ಒಳಗಿನಿಂದ ತಳ್ಳಿ ಒಡೆಯುತ್ತದೆ ಎಂಬ ಸಾಮಾನ್ಯ ತಿಳಿವಳಿಕೆ ಅಪೂರ್ಣವಾದುದು. ಪೈಪಿನ ಒಂದು ಭಾಗದಲ್ಲಿ ಮಂಜುಗಡ್ಡೆಯ ಬಿರಡೆ ಕಟ್ಟಿಕೊಂಡು ಅದು ಬೆಳೆಯುತ್ತಾ ಹೋದಂತೆ, ಆ ಬಿರಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರುತ್ತದೆ. ನೀರು ಸುಲಭವಾಗಿ ಸಂಕುಚಿತಗೊಳ್ಳುವ ವಸ್ತುವಲ್ಲ. ಹೀಗಾಗಿ ಅನೇಕ ವೇಳೆ ಪೈಪು ಒಡೆಯುವುದು ಹೆಪ್ಪುಗಟ್ಟಿದ ಜಾಗದಲ್ಲಲ್ಲ. ಅದರಿಂದ ದೂರದಲ್ಲಿರುವ ಯಾವುದೋ ದುರ್ಬಲ ಜೋಡಣೆಯಲ್ಲಿ. ಚಳಿಯ ರಾತ್ರಿ ನಲ್ಲಿಯನ್ನು ಸ್ವಲ್ಪ ತೆರೆದು ನೀರು ತೊಟ್ಟಿಕ್ಕುವಂತೆ ಬಿಡುವ ರೂಢಿಯ ಹಿಂದಿನ ತತ್ವವೂ ಇದೇ. ತೆರೆದ ನಲ್ಲಿಯಿಂದ ಒತ್ತಡ ಹೊರಹೋಗುತ್ತದೆ.

ಈಗಿನ ವಾಹನಗಳಲ್ಲಿ ಬಳಸುವ ಪೆಕ್ಸ್ ಎಂಬ ಪಾಲಿಥೀನ್ ಪೈಪು ತಕ್ಕಮಟ್ಟಿಗೆ ಹಿಗ್ಗಬಲ್ಲುದು. ಆದರೆ ಅದರ ತುದಿಗಳಲ್ಲಿರುವ ಜೋಡಣೆಗಳು, ಪಂಪಿನ ತಲೆಭಾಗ, ಫಿಲ್ಟರಿನ ಬಟ್ಟಲು, ನಲ್ಲಿಯ ಒಳಭಾಗ, ಶೌಚಾಲಯದ ವಾಲ್ವು ಇವು ಹಿಗ್ಗಲಾರವು, ಬಿರಿಯುತ್ತವೆ. ಬಿರಿದ ಭಾಗ ಸಣ್ಣದು, ಅದರ ಬೆಲೆಯೂ ಸಣ್ಣದು. ಆದರೆ ಅದನ್ನು ತಲುಪಲು ಬೀರುಗಳನ್ನು ಕಳಚಬೇಕು, ನೆಲಹಾಸನ್ನು ಎಬ್ಬಿಸಬೇಕು. ಸೋರಿದ ನೀರಿನಿಂದ ಪ್ಲೈವುಡ್ ಕೊಳೆತಿದ್ದರೆ ಅದನ್ನೂ ಬದಲಿಸಬೇಕು. ದುರಸ್ತಿಯ ಬಿಲ್ಲಿನಲ್ಲಿ ಬಿಡಿಭಾಗಕ್ಕಿಂತ ಕೂಲಿಯ ಮೊತ್ತವೇ ದೊಡ್ಡದಾಗುವುದು ಈ ಕಾರಣದಿಂದ.

ಇನ್ನೊಂದು ಗಮನಾರ್ಹ ಅಂಶವೆಂದರೆ, ಒಡೆದದ್ದು ಒಡೆದ ದಿನ ತಿಳಿಯುವುದಿಲ್ಲ. ಜನವರಿಯಲ್ಲಿ ಬಿರಿದ ಜೋಡಣೆಯನ್ನು ಮಂಜುಗಡ್ಡೆಯೇ ಮುಚ್ಚಿಟ್ಟಿರುತ್ತದೆ. ಏಪ್ರಿಲ್‌ನಲ್ಲಿ ಪಂಪು ಚಾಲೂ ಮಾಡಿದಾಗ ಗೋಡೆಯ ಹಿಂದೆ ನೀರು ಚಿಮ್ಮುತ್ತದೆ. ಬಾಡಿಗೆ ಸಂಸ್ಥೆಗೆ ಇದು ಋತುವಿನ ಮೊದಲ ಗಿರಾಕಿ ಬಾಗಿಲಲ್ಲಿ ನಿಂತಿರುವ ಸಮಯ.

ನಿಲ್ಲಿಸಿಡುವ ವಾಹನ: ಅನುಸರಿಸುವ ಕ್ರಮ

ಚಳಿಗಾಲಕ್ಕೆ ವಾಹನವನ್ನು ಸಜ್ಜುಗೊಳಿಸುವ ಕೆಲಸದಲ್ಲಿ ಕ್ರಮ ಮುಖ್ಯ. ಅನುಭವಿಗಳು ಅನುಸರಿಸುವ ವಿಧಾನ ಸ್ಥೂಲವಾಗಿ ಹೀಗಿದೆ:

1. ನೀರು ಕಾಯಿಸುವ ಹಂಡೆಯ ಅನಿಲ ಮತ್ತು ವಿದ್ಯುತ್ ಎರಡನ್ನೂ ನಿಲ್ಲಿಸಿ, ನೀರು ಪೂರ್ತಿ ತಣಿಯಲು ಬಿಡುವುದು. ಬಳಿಕ ಒತ್ತಡವನ್ನು ಹೊರಬಿಟ್ಟು ತಳದ ಬಿರಡೆಯನ್ನು ತೆಗೆಯುವುದು. ನೀರು ಬಿಸಿಯಿರುವಾಗ ಬಿರಡೆ ತೆಗೆದರೆ ಸುಟ್ಟಗಾಯ ಖಂಡಿತ.

2. ಶುದ್ಧ ನೀರಿನ ಟ್ಯಾಂಕನ್ನು ಬರಿದು ಮಾಡಿ, ಪೈಪುಗಳ ಅತ್ಯಂತ ತಗ್ಗಿನಲ್ಲಿರುವ ಬಸಿಯುವ ವಾಲ್ವುಗಳನ್ನು ತೆರೆಯುವುದು. ಎಲ್ಲ ನಲ್ಲಿಗಳನ್ನೂ, ಬಿಸಿ ಮತ್ತು ತಣ್ಣೀರು ಎರಡೂ ಬದಿಗಳಲ್ಲಿ, ತೆರೆದಿಡುವುದು. ತ್ಯಾಜ್ಯದ ಟ್ಯಾಂಕುಗಳನ್ನು ನಿಗದಿತ ಸ್ಥಳದಲ್ಲಿ ಖಾಲಿ ಮಾಡುವುದು.

3. ಫಿಲ್ಟರಿನ ಒಳತಿರುಳನ್ನು ತೆಗೆದುಹಾಕುವುದು.

4. ಹಂಡೆಯನ್ನು ಬಳಸುದಾರಿಯ ವಾಲ್ವುಗಳ ಮೂಲಕ ವ್ಯವಸ್ಥೆಯಿಂದ ಬೇರ್ಪಡಿಸುವುದು. ಇದನ್ನು ಮರೆತರೆ ಮುಂದೆ ಹಾಕುವ ಆ್ಯಂಟಿಫ್ರೀಜ್ ದ್ರವದಲ್ಲಿ ಹಂಡೆ ತುಂಬುವಷ್ಟು, ಅಂದರೆ 23 ಅಥವಾ 38 ಲೀಟರು, ವೃಥಾ ಪೋಲಾಗುತ್ತದೆ.

5. ಪಂಪಿನ ಹೀರುಕೊಳವೆಯನ್ನು ಆ್ಯಂಟಿಫ್ರೀಜ್ ಡಬ್ಬಿಗೆ ಜೋಡಿಸಿ, ದೂರದ ನಲ್ಲಿಯಿಂದ ಹತ್ತಿರದ ನಲ್ಲಿಯವರೆಗೆ ಒಂದೊಂದನ್ನೇ ತೆರೆದು ಗುಲಾಬಿ ಬಣ್ಣದ ದ್ರವ ಬರುವುದನ್ನು ಕಣ್ಣಾರೆ ನೋಡುವುದು. ಹೊರಬದಿಯ ಷವರ್, ಶೌಚಾಲಯ, ಮಂಜುಗಡ್ಡೆ ಯಂತ್ರ ಇವುಗಳನ್ನು ಬಿಡಬಾರದು. ಸಾಧಾರಣ ಗಾತ್ರದ ವಾಹನಕ್ಕೆ 2ರಿಂದ 3 ಗ್ಯಾಲನ್, ಅಂದರೆ ಸುಮಾರು 8ರಿಂದ 11 ಲೀಟರು ಸಾಕಾಗುತ್ತದೆ.

6. ಸಿಂಕು ಮತ್ತು ಸ್ನಾನದ ತೊಟ್ಟಿಯ ಕೆಳಗಿನ ಬಾಗುಕೊಳವೆಗಳಲ್ಲಿ ಸದಾ ನೀರು ನಿಂತಿರುತ್ತದೆ. ಅವುಗಳಿಗೂ ದ್ರವವನ್ನು ಸುರಿಯುವುದು.

ದ್ರವದ ಬದಲು ಕಂಪ್ರೆಸರಿನ ಗಾಳಿಯಿಂದ ನೀರನ್ನು ಹೊರಗೂದುವ ಪದ್ಧತಿಯೂ ಇದೆ. ಅದಕ್ಕೆ ಒತ್ತಡ ಚದರ ಅಂಗುಲಕ್ಕೆ 50 ಪೌಂಡ್ ಮೀರದಂತೆ ನೋಡಿಕೊಳ್ಳಬೇಕು. ಗಾಳಿ ಊದಿದರೂ ಬಾಗುಕೊಳವೆಗಳಿಗೆ ದ್ರವ ಹಾಕುವುದು ತಪ್ಪುವುದಿಲ್ಲ. ಪಂಪಿನ ತಲೆಯಲ್ಲಿ ಉಳಿದ ಹನಿ ನೀರೂ ಅಪಾಯಕಾರಿಯಾದ್ದರಿಂದ ಹಲವರು ಗಾಳಿ ಊದಿದ ನಂತರ ದ್ರವವನ್ನೂ ಹಾಯಿಸುತ್ತಾರೆ.

ದ್ರವದ ಆಯ್ಕೆಯಲ್ಲಿ ಎಚ್ಚರ ಅಗತ್ಯ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷಕಾರಿ. ಕುಡಿಯುವ ನೀರಿನ ಪೈಪಿಗೆ ಅದನ್ನು ಎಂದೂ ಬಳಸಬಾರದು. ಇದಕ್ಕೆಂದೇ ಮಾರುವ ದ್ರವ ಸಾಮಾನ್ಯವಾಗಿ ಪ್ರೊಪಿಲೀನ್ ಗ್ಲೈಕಾಲ್ ಆಧಾರಿತವಾದುದು. ಅದರ ಡಬ್ಬಿಯ ಮೇಲೆ ಮುದ್ರಿಸಿರುವ ‘ಮೈನಸ್ 50 ಡಿಗ್ರಿ’ ಎಂಬ ಅಂಕಿಯನ್ನೂ ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಅದು ಫ್ಯಾರನ್‌ಹೀಟ್ ಲೆಕ್ಕ. ಸೆಲ್ಸಿಯಸ್‌ನಲ್ಲಿ ಸುಮಾರು ಮೈನಸ್ 46. ಅದು ಪೈಪು ಒಡೆಯದಂತೆ ರಕ್ಷಣೆ ಸಿಗುವ ಮಟ್ಟವೇ ಹೊರತು ದ್ರವ ಹೆಪ್ಪುಗಟ್ಟಲು ಆರಂಭಿಸುವ ಮಟ್ಟವಲ್ಲ. ಅದಕ್ಕಿಂತ ಬಹಳ ಮೊದಲೇ ದ್ರವ ಗಂಜಿಯಂತಾಗುತ್ತದೆ, ಆದರೆ ಪೈಪನ್ನು ಒಡೆಯುವಷ್ಟು ಗಟ್ಟಿಯಾಗುವುದಿಲ್ಲ. ಪೈಪಿನಲ್ಲಿ ಹಳೆಯ ನೀರು ಉಳಿದು ದ್ರವ ತೆಳುವಾದರೆ ಈ ರಕ್ಷಣೆಯೂ ಕುಗ್ಗುತ್ತದೆ. ಮೊದಲು ಪೂರ್ತಿ ಬಸಿಯಬೇಕು ಎನ್ನುವುದು ಇದಕ್ಕಾಗಿಯೇ.

ವಸಂತಕಾಲದಲ್ಲಿ ಪೈಪುಗಳನ್ನು ಚೆನ್ನಾಗಿ ತೊಳೆದು, ಪ್ರತಿ 15 ಗ್ಯಾಲನ್ ಟ್ಯಾಂಕಿಗೆ ಸುಮಾರು 60 ಮಿಲಿಲೀಟರು ಸಾದಾ ಬ್ಲೀಚ್ ದ್ರಾವಣದ ಪ್ರಮಾಣದಲ್ಲಿ ಶುದ್ಧೀಕರಿಸಿ, ಮತ್ತೆ ತೊಳೆಯುವುದು ರೂಢಿ. ಹಂಡೆಯಲ್ಲಿ ನೀರು ತುಂಬಿರುವುದನ್ನು ಖಚಿತಪಡಿಸಿಕೊಳ್ಳದೆ ವಿದ್ಯುತ್ ಹಾಯಿಸಿದರೆ ಕಾಯಿಸುವ ಕಾಯಿಲ್ ಸುಟ್ಟುಹೋಗುತ್ತದೆ.

ಚಳಿಯಲ್ಲೇ ವಾಸಿಸುವವರ ಸಮಸ್ಯೆ

ಹಿಮದ ನಡುವೆಯೇ ವಾಹನದಲ್ಲಿ ವಾಸಿಸುವವರಿಗೆ ನೀರನ್ನು ಖಾಲಿ ಮಾಡುವ ಅನುಕೂಲವಿಲ್ಲ. ಅವರು ಶಾಖವನ್ನು ಕಾಯ್ದುಕೊಳ್ಳಬೇಕು. ಇಲ್ಲಿ ಮಿತವ್ಯಯದ ಹೆಸರಿನಲ್ಲಿ ಆಗುವ ಒಂದು ತಪ್ಪು ಬಹಳ ಸಾಮಾನ್ಯ. ಹಲವು ವಾಹನಗಳಲ್ಲಿ ಅನಿಲದ ಫರ್ನೇಸಿನ ಬಿಸಿಗಾಳಿಯ ಒಂದು ಭಾಗವನ್ನು ನೆಲದ ಕೆಳಗಿನ ಟ್ಯಾಂಕುಗಳ ಕಡೆಗೂ ಹರಿಸಲಾಗಿರುತ್ತದೆ. ಅನಿಲ ಉಳಿಸಲೆಂದು ಫರ್ನೇಸ್ ನಿಲ್ಲಿಸಿ, ಶಿಬಿರ ತಾಣದ ವಿದ್ಯುತ್ತಿನಿಂದ ಕೋಣೆಯ ಹೀಟರು ಹಚ್ಚಿಕೊಂಡರೆ ಒಳಗೆ ಕುಳಿತವರು ಬೆಚ್ಚಗಿರುತ್ತಾರೆ. ಕೆಳಗೆ ಪೈಪುಗಳು ಹೆಪ್ಪುಗಟ್ಟುತ್ತಿರುತ್ತವೆ. ಒಳಗಿನ ಉಷ್ಣಮಾಪಕ ಮಾತ್ರ ಎಲ್ಲವೂ ಕ್ಷೇಮವೆಂದು ತೋರಿಸುತ್ತದೆ.

ಹೊರಗಿನ ಮೆದುಗೊಳವೆಯನ್ನು ಸದಾ ಜೋಡಿಸಿಡುವ ಬದಲು ಟ್ಯಾಂಕನ್ನು ತುಂಬಿಸಿಕೊಂಡು ಕೊಳವೆಯನ್ನು ಬಸಿದು ಎತ್ತಿಡುವುದು, ಬಳಕೆ ನೀರಿನ ಹೊರವಾಲ್ವನ್ನು ಮುಚ್ಚಿಟ್ಟು ಟ್ಯಾಂಕು ತುಂಬಿದಾಗ ಮಾತ್ರ ಒಮ್ಮೆಲೇ ಬಿಡುವುದು, ವಾಹನದ ಕೆಳಭಾಗಕ್ಕೆ ಗಾಳಿ ನುಗ್ಗದಂತೆ ಸುತ್ತ ಪರದೆ ಕಟ್ಟುವುದು, ರಾತ್ರಿ ಸಿಂಕಿನ ಕೆಳಗಿನ ಬೀರು ಬಾಗಿಲುಗಳನ್ನು ತೆರೆದಿಟ್ಟು ಒಳಗಿನ ಬಿಸಿ ಪೈಪಿಗೆ ತಲುಪುವಂತೆ ಮಾಡುವುದು ಇವು ಉಳಿದ ಉಪಾಯಗಳು. ಶಾಖಕ್ಕಾಗಿ ಅಡುಗೆ ಒಲೆ ಉರಿಸಿಡುವುದು ಮಾತ್ರ ಸಲ್ಲದು. ಮುಚ್ಚಿದ ವಾಹನದಲ್ಲಿ ಕಾರ್ಬನ್ ಮಾನಾಕ್ಸೈಡ್ ಅನಿಲ ಪ್ರಾಣಾಂತಿಕ.

ಅನಿಲದ ಆಯ್ಕೆಗೂ ಇಲ್ಲಿ ಮಹತ್ವವಿದೆ. ಪ್ರೊಪೇನ್ ಮೈನಸ್ 42 ಡಿಗ್ರಿ ಸೆಲ್ಸಿಯಸ್‌ವರೆಗೆ ಆವಿಯಾಗಬಲ್ಲುದು. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ದ್ರವವಾಗಿ ಉಳಿದುಬಿಡುತ್ತದೆ. ಸಿಲಿಂಡರಿನಲ್ಲಿ ಅನಿಲವಿದ್ದೂ ಒಲೆ ಹೊತ್ತದು, ಫರ್ನೇಸ್ ನಡೆಯದು.

ಯೂರೋಪಿನ ತಯಾರಕರು ಈ ಸಮಸ್ಯೆಗೆ ಯಾಂತ್ರಿಕ ಪರಿಹಾರವೊಂದನ್ನು ಒದಗಿಸಿದ್ದಾರೆ. ಮ್ಯೂನಿಕ್ ಬಳಿಯ ಟ್ರೂಮಾ ಸಂಸ್ಥೆಯ ಹೀಟರುಗಳೊಂದಿಗೆ ಬರುವ ಫ್ರಾಸ್ಟ್‌ಕಂಟ್ರೋಲ್ ಎಂಬ ವಾಲ್ವು, ಉಷ್ಣಾಂಶ ಸುಮಾರು 3 ಡಿಗ್ರಿಗೆ ಇಳಿದಾಗ ವಿದ್ಯುತ್ತಿನ ನೆರವಿಲ್ಲದೆ ತಾನಾಗಿಯೇ ತೆರೆದುಕೊಂಡು ಹಂಡೆಯ ನೀರನ್ನು ಹೊರಚೆಲ್ಲುತ್ತದೆ. ಸುತ್ತಲಿನ ಉಷ್ಣಾಂಶ 7 ಡಿಗ್ರಿಗಿಂತ ಮೇಲೇರಿದ ನಂತರವೇ ಅದನ್ನು ಕೈಯಿಂದ ಮುಚ್ಚಲು ಸಾಧ್ಯ. ಮಾಲೀಕ ಮರೆತರೂ ವಾಲ್ವು ಮರೆಯುವುದಿಲ್ಲ. ಆದರೆ ಅದು ಕಾಯುವುದು ಬೆಲೆಬಾಳುವ ಹಂಡೆಯನ್ನು. ಉಳಿದ ಪೈಪುಗಳನ್ನು ಮಾಲೀಕರೇ ಬಸಿಯಬೇಕು.

ಟೆಕ್ಸಾಸಿನ ಅನುಭವ

ಚಳಿ ಖಚಿತವಾಗಿರುವ ಮಿನ್ನೆಸೋಟಾ, ಕೆನಡಾಗಳಲ್ಲಿ ಎಲ್ಲರೂ ಮುಂಜಾಗ್ರತೆ ವಹಿಸುತ್ತಾರೆ. ಚಳಿ ಅಪರೂಪವಾಗಿರುವ ಪ್ರದೇಶಗಳಲ್ಲಿ ವಹಿಸುವುದಿಲ್ಲ. ದೊಡ್ಡ ನಷ್ಟ ಎದುರಾಗುವುದು ಅಲ್ಲಿಯೇ. 2021ರ ಫೆಬ್ರವರಿ 16ರಂದು ಟೆಕ್ಸಾಸಿನ ಡಲ್ಲಾಸ್-ಫೋರ್ಟ್‌ವರ್ತ್ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ ಮೈನಸ್ 2 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು ಮೈನಸ್ 19 ಡಿಗ್ರಿ ಸೆಲ್ಸಿಯಸ್‌ಗೆ ಕುಸಿಯಿತು. 1949ರ ನಂತರ ಅಲ್ಲಿ ಇಂತಹ ಚಳಿ ಬಂದಿರಲಿಲ್ಲ. ಇದೇ ವೇಳೆ ರಾಜ್ಯದ ವಿದ್ಯುತ್ ಜಾಲ ಕುಸಿದು 40 ಲಕ್ಷಕ್ಕೂ ಅಧಿಕ ಮನೆ ಮತ್ತು ವ್ಯಾಪಾರ ಸಂಪರ್ಕಗಳು ಕತ್ತಲಲ್ಲಿ ಮುಳುಗಿದವು. ರಾಜ್ಯದಾದ್ಯಂತ ಮನೆ, ಅಂಗಡಿ, ಶಾಲೆಗಳ ಪೈಪುಗಳು ಒಡೆದವು. ದುರಸ್ತಿಗೆ ಕೊಳಾಯಿ ಕೆಲಸಗಾರರೂ ಬಿಡಿಭಾಗಗಳೂ ಸಿಗದಂತಾಯಿತು.

ಈ ಘಟನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ವಿದ್ಯುತ್ತನ್ನೇ ನೆಚ್ಚಿದ ರಕ್ಷಣೆ, ಅದು ಪೈಪಿಗೆ ಸುತ್ತಿದ ಬಿಸಿಪಟ್ಟಿಯಿರಲಿ ಕೋಣೆಯ ಹೀಟರಿರಲಿ, ಅತ್ಯಂತ ಅಗತ್ಯವಾದ ರಾತ್ರಿಯೇ ಕೈಕೊಡಬಹುದು. ನೀರೇ ಇಲ್ಲದ ಪೈಪಿಗೆ ವಿದ್ಯುತ್ತಿನ ಹಂಗಿಲ್ಲ. ಎರಡನೆಯದಾಗಿ, ಇಂತಹ ನಷ್ಟ ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಬರುವುದಿಲ್ಲ. ಎಲ್ಲರಿಗೂ ಒಂದೇ ವಾರದಲ್ಲಿ ಬರುತ್ತದೆ.

ಲೆಕ್ಕದ ದೃಷ್ಟಿಯಿಂದ

20 ಮೋಟಾರ್‌ಹೋಂಗಳನ್ನು ಬಾಡಿಗೆಗೆ ಕೊಡುವ ಸಂಸ್ಥೆಯೊಂದನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳು ಕೇವಲ ಉದಾಹರಣೆಗಾಗಿ. ವಾಹನವೊಂದನ್ನು ಚಳಿಗಾಲಕ್ಕೆ ಸಜ್ಜುಗೊಳಿಸಲು 150 ಡಾಲರ್ ಖರ್ಚಾದರೆ ವರ್ಷಕ್ಕೆ ಒಟ್ಟು 3,000 ಡಾಲರ್. ಪೈಪು ಒಡೆದರೆ ದುರಸ್ತಿಗೆ 3,000 ಮತ್ತು ಕಳೆದುಕೊಂಡ ಬಾಡಿಗೆ 1,500, ಅಂದರೆ ವಾಹನವೊಂದಕ್ಕೆ 4,500 ಡಾಲರ್ ನಷ್ಟ. 150ಕ್ಕೂ 4,500ಕ್ಕೂ ಇರುವ ಅನುಪಾತ ಮೂವತ್ತಕ್ಕೆ ಒಂದು. ಮೂವತ್ತು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಹೆಪ್ಪುಗಟ್ಟುವ ಚಳಿ ಬರುವ ಊರಿನಲ್ಲಿ ಮುಂಜಾಗ್ರತೆಯೇ ಅಗ್ಗ.

ಮೂವತ್ತು ವರ್ಷಕ್ಕೊಮ್ಮೆ ಮಾತ್ರ ಬರುವ ಕಡೆ ಎರಡೂ ಸಮವೆಂದು ಸರಾಸರಿ ಲೆಕ್ಕ ಹೇಳುತ್ತದೆ. ಆದರೆ ಆ ಒಂದು ವರ್ಷದಲ್ಲಿ ಇಪ್ಪತ್ತೂ ವಾಹನಗಳು ಒಟ್ಟಿಗೆ ಕೆಡುತ್ತವೆ. 90,000 ಡಾಲರ್ ಒಮ್ಮೆಲೇ ಹೊಂದಿಸಬೇಕಾಗುತ್ತದೆ. ವರ್ಷಕ್ಕೆ 3,000 ಕೊಡಬಲ್ಲ ಸಣ್ಣ ಸಂಸ್ಥೆ ಒಂದೇ ವಸಂತದಲ್ಲಿ 90,000 ಕೊಡಲಾರದೆ ಬಾಗಿಲು ಮುಚ್ಚಬಹುದು. ಸರಾಸರಿಯನ್ನಷ್ಟೇ ನೋಡುವ ವ್ಯಾಪಾರಿಗೆ ಈ ಅಪಾಯ ಕಾಣುವುದಿಲ್ಲ.

ವಿಮೆ ಇದೆಯಲ್ಲ ಎಂಬ ಸಮಾಧಾನವೂ ಇಲ್ಲಿ ಪೂರ್ಣವಾಗಿ ಸಲ್ಲದು. ನೀರು ಹೆಪ್ಪುಗಟ್ಟಿ ಆದ ಹಾನಿಯನ್ನು ತಯಾರಕರ ವಾರಂಟಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಹಲವು ವಿಮಾ ಪಾಲಿಸಿಗಳು ಮಾಲೀಕರು ಸಾಕಷ್ಟು ಮುಂಜಾಗ್ರತೆ ವಹಿಸಿದ್ದರೆ ಮಾತ್ರ ಪರಿಹಾರ ಕೊಡುತ್ತವೆ. ಆಗ ದಿನಾಂಕ ಸಹಿತ ಕೆಲಸದ ಪಟ್ಟಿ, ಖರೀದಿಯ ರಸೀದಿ, ಕೆಲಸ ಮಾಡಿದವರ ಸಹಿ ಇವೇ ಆಧಾರ.

ಲೆಕ್ಕಪುಸ್ತಕಗಳಲ್ಲಿಯೂ ಈ ನಷ್ಟಕ್ಕೆ ಮುಂಗಡವಾಗಿ ಜಾಗವಿಲ್ಲ. ಭಾರತದ ಲೆಕ್ಕಪತ್ರ ಮಾನದಂಡ 29ರ ಪ್ರಕಾರ, ಹಿಂದಿನ ಘಟನೆಯಿಂದ ಉಂಟಾದ ಬಾಧ್ಯತೆ ಇದ್ದರೆ ಮಾತ್ರ ಅವಕಾಶ ಕಲ್ಪಿಸಬಹುದು. ಮುಂದೆ ಎಂದಾದರೂ ಬರಬಹುದಾದ ದುರಸ್ತಿಗೆ ಅವಕಾಶ ಕಲ್ಪಿಸುವಂತಿಲ್ಲ. ದೈನಂದಿನ ನಿರ್ವಹಣೆಯ ಖರ್ಚನ್ನು ಮಾನದಂಡ 10ರ ಅನ್ವಯ ಆಯಾ ವರ್ಷದ ಲಾಭ-ನಷ್ಟ ಖಾತೆಗೆ ಹಾಕಬೇಕು. ಹೀಗಾಗಿ ಮುಂಜಾಗ್ರತೆಯ ಖರ್ಚು ಪ್ರತಿ ವರ್ಷ ಕಣ್ಣಿಗೆ ಬೀಳುತ್ತದೆ. ಅದು ತಪ್ಪಿಸಿದ ನಷ್ಟ ಯಾವ ಖಾತೆಯಲ್ಲೂ ಕಾಣುವುದಿಲ್ಲ. ವೆಚ್ಚ ಕಡಿತದ ಮಾತು ಬಂದಾಗಲೆಲ್ಲ ಮೊದಲು ಕತ್ತರಿ ಬೀಳುವುದು ಇಂತಹ ಬಾಬಿಗೇ. ಹಿಮಾಚಲದಲ್ಲಿ ನವೆಂಬರ್‌ನಲ್ಲಿ ವಾಹನ ನಿಲ್ಲಿಸಿ ಏಪ್ರಿಲ್‌ನಲ್ಲಿ ತೆರೆಯುವ ಉದ್ಯಮಿಯ ಮಾರ್ಚ್ 31ರ ಆಸ್ತಿಪಟ್ಟಿಯಲ್ಲಿ, ಒಳಗೆ ಆಗಲೇ ಬಿರಿದಿರುವ ವಾಹನ ಸುಸ್ಥಿತಿಯಲ್ಲಿರುವಂತೆ ನಮೂದಾಗಿರಲು ಸಾಧ್ಯ.

ನಮ್ಮ ಉದ್ಯಮಿಗಳಿಗೆ ಇದರಿಂದ ಏನು?

ಕರ್ನಾಟಕದಲ್ಲಿ ಪೈಪು ಹೆಪ್ಪುಗಟ್ಟುವುದಿಲ್ಲ. ಆದರೆ ಇಲ್ಲಿ ತಯಾರಾದ ಸರಕು ಹೆಪ್ಪುಗಟ್ಟುವ ದೇಶಗಳಿಗೆ ಹೋಗುತ್ತದೆ. ಪಂಪು, ವಾಲ್ವು, ಶಾಖ ವಿನಿಮಯಕಗಳನ್ನು ರವಾನೆಗೆ ಮುನ್ನ ನೀರಿನ ಒತ್ತಡದಲ್ಲಿ ಪರೀಕ್ಷಿಸುವುದು ಎಲ್ಲರಿಗೂ ತಿಳಿದ ಕ್ರಮ. ಪರೀಕ್ಷೆಯ ನಂತರ ಎರಕದ ಒಳಮೂಲೆಗಳಲ್ಲಿ ನೀರು ಉಳಿದರೆ, ಡಿಸೆಂಬರ್ ತಿಂಗಳಲ್ಲಿ ಉತ್ತರ ಯೂರೋಪಿನ ಬಂದರಿನಲ್ಲಿಯೋ ಕೆನಡಾದ ಗೋದಾಮಿನಲ್ಲಿಯೋ ಅದು ಹೆಪ್ಪುಗಟ್ಟಿ ಎರಕವನ್ನೇ ಸೀಳಬಹುದು. ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರ ಸರಿಯಾಗಿರುತ್ತದೆ, ಗಿರಾಕಿಯ ಕೈಗೆ ಬಂದ ಸರಕು ಸೋರುತ್ತದೆ. ಹುಬ್ಬಳ್ಳಿಯ ವಾಲ್ವ್ ತಯಾರಕರಾಗಲಿ ಬೆಳಗಾವಿಯ ಎರಕದ ಕಾರ್ಖಾನೆಗಳವರಾಗಲಿ ಶೀತ ದೇಶಗಳಿಗೆ ಸರಕು ಕಳುಹಿಸುವಾಗ, ಪರೀಕ್ಷೆಯ ನೀರನ್ನು ಬಸಿದು, ಗಾಳಿ ಊದಿ ಒಣಗಿಸಿದ್ದನ್ನು ದಾಖಲೆಯಲ್ಲಿ ನಮೂದಿಸಿದರೆ ವಿವಾದಕ್ಕೆ ಆಸ್ಪದವಿರದು.

ಹಿಮಾಲಯದ ಪ್ರವಾಸಗಳಿಗೆ ಕ್ಯಾರವಾನ್ ಸಜ್ಜುಗೊಳಿಸುವ ವಾಹನ ಕವಚ ನಿರ್ಮಾಪಕರಿಗೂ ಈ ವಿಷಯ ಪ್ರಸ್ತುತ. ಲೇಹ್‌ನಲ್ಲಿ ಚಳಿಗಾಲದ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ಅಲ್ಲಿ ಚಳಿಗಾಲದಲ್ಲೂ ತೆರೆದಿರುವ ಅನೇಕ ಹೋಟೆಲುಗಳು ಪೈಪುಗಳನ್ನು ಬರಿದು ಮಾಡಿ ಅತಿಥಿಗಳಿಗೆ ಬಕೆಟ್ಟಿನಲ್ಲಿ ಬಿಸಿನೀರು ಒದಗಿಸುತ್ತವೆ. ಇಲ್ಲಿನ ಹವೆಗೆ ತಕ್ಕಂತೆ ಜೋಡಿಸಿದ ಪೈಪು ವ್ಯವಸ್ಥೆಗೆ ತಗ್ಗಿನ ಬಸಿವಾಲ್ವುಗಳನ್ನು, ಹಂಡೆಗೆ ಬಳಸುದಾರಿಯನ್ನು ತಯಾರಿಕೆಯ ಹಂತದಲ್ಲೇ ಅಳವಡಿಸಿದರೆ ಖರ್ಚು ಅತ್ಯಲ್ಪ. ವಾಹನ ಸಿದ್ಧವಾದ ಮೇಲೆ ಅಳವಡಿಸುವುದು ದುಬಾರಿ.

ಸಣ್ಣ ತಯಾರಕರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಈ ಒಂದು ವಾರ್ಷಿಕ ಕೆಲಸದ ಸುತ್ತ ವಿದೇಶಗಳಲ್ಲಿ ಒಂದು ಪುಟ್ಟ ಮಾರುಕಟ್ಟೆಯೇ ಬೆಳೆದಿದೆ: ಕಂಪ್ರೆಸರಿನ ಗಾಳಿಯನ್ನು ನೀರಿನ ಪೈಪಿಗೆ ಜೋಡಿಸುವ ಹಿತ್ತಾಳೆಯ ಬಿರಡೆ, ಬಳಸುದಾರಿಯ ವಾಲ್ವು ಜೋಡಿ, ಹಂಡೆಯ ತಳದ ಬಿರಡೆ, ಬಿಸಿಪಟ್ಟಿ. ಇವುಗಳಲ್ಲಿ ಹಲವು, ತಿರುಪು ಕಡಿಯುವ ಯಂತ್ರವಿರುವ ಯಾವುದೇ ಸಣ್ಣ ಕಾರ್ಖಾನೆಯ ಶಕ್ತಿಗೆ ಮೀರಿದವಲ್ಲ. ಆದರೆ ಅಲ್ಲಿನ ತಿರುಪಿನ ಅಳತೆಗಳು ಬೇರೆ. ಕುಡಿಯುವ ನೀರನ್ನು ಸ್ಪರ್ಶಿಸುವ ಹಿತ್ತಾಳೆಯಲ್ಲಿ ಸೀಸದ ಅಂಶಕ್ಕೆ ಅಮೆರಿಕದಲ್ಲಿ ಕಟ್ಟುನಿಟ್ಟಿನ ಮಿತಿಯಿದೆ. ಇವುಗಳನ್ನು ತಿಳಿದು ಮುಂದುವರಿಯಬೇಕು. ಬೇಡಿಕೆಯೂ ಋತುವಿಗೆ ಕಟ್ಟುಬಿದ್ದಿದೆ. ಅಕ್ಟೋಬರ್‌ನಲ್ಲಿ ಮಾರಾಟವಾಗಬೇಕಾದ ಸರಕು ನವೆಂಬರ್ ಕೊನೆಗೆ ತಲುಪಿದರೆ ಮುಂದಿನ ವರ್ಷದವರೆಗೆ ಗೋದಾಮಿನಲ್ಲೇ ಉಳಿಯುತ್ತದೆ.

ಪ್ರತಿಯೊಂದು ಉದ್ಯಮದಲ್ಲಿಯೂ ಹೆಪ್ಪುಗಟ್ಟುವ ಇಂತಹ ಒಂದು ಪೈಪು ಇದ್ದೇ ಇರುತ್ತದೆ. ಒಬ್ಬರಿಗೆ ಅದು ಮಳೆಗಾಲದ ಮುನ್ನ ಸರಿಪಡಿಸದ ಗೋದಾಮಿನ ಸೂರು, ಇನ್ನೊಬ್ಬರಿಗೆ ನಕಲು ತೆಗೆದಿಡದ ಕಂಪ್ಯೂಟರ್ ಲೆಕ್ಕಪತ್ರ, ಮತ್ತೊಬ್ಬರಿಗೆ ನವೀಕರಿಸದ ಅಗ್ನಿಶಾಮಕ ಸಿಲಿಂಡರು. ವರ್ಷದ ಆಯವ್ಯಯ ಸಿದ್ಧಪಡಿಸುವಾಗ ಅಂತಹ ಬಾಬುಗಳನ್ನು ಪ್ರತ್ಯೇಕವಾಗಿ ಪಟ್ಟಿ ಮಾಡಿ, ಪ್ರತಿಯೊಂದರ ಎದುರಿಗೆ ಕೆಲಸ ಮುಗಿಯಬೇಕಾದ ದಿನಾಂಕವನ್ನೂ ಜವಾಬ್ದಾರರ ಹೆಸರನ್ನೂ ಬರೆದು, ಕೆಲಸ ಮುಗಿದ ಮೇಲೆ ಸಹಿ ಪಡೆಯುವುದು ಒಳಿತು. ಆ ಪಟ್ಟಿಗೆ ತಗಲುವ ವೆಚ್ಚ ಒಂದು ಹಾಳೆ ಕಾಗದದ್ದು.